ತರುಣ ನ್ಯಾಯವಾದಿಗಳ ವೃತ್ತಿಗಳೂ ಕಾನೂನಿನ ಸುಧಾರಣೆಯೂ

೧

‘ವೃತ್ತಿ’ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ಬಹುಕಾಲದಿಂದ ರೂಢಿಯಲ್ಲಿವೆ. ಹೊಟ್ಟೆಹೊರೆಯುವುದಕ್ಕಾಗಿ ಮನುಷ್ಯನು ಕೈಕೊಂಡ ಕಸುಬು ಎಂಬುದು ಒಂದು. ಒಬ್ಬನು ನಿಶ್ಚಿಂತನಾಗಿ ಒಂದು ಕಾರ್ಯದಲ್ಲಿ ತೊಡಗಿರಲೆಂದು ಬೇರೊಬ್ಬರು ಬಿಟ್ಟುಕೊಟ್ಟ ಜೀವನೋಪಾಯ ಎಂಬುದು ಇನ್ನೊಂದು. ನಮ್ಮ ಶಾಸನಗಳಲ್ಲಿ ಎರಡನೆಯ ಅರ್ಥವೇ ಪ್ರಚುರವಾದುದು. ಅಗ್ರಹಾರಗಳಲ್ಲಿ ಹಂಚಿಕೊಟ್ಟ ವೃತ್ತಿಗಳನ್ನೂ ವಿದ್ಯಾದಾನಕ್ಕೆಂದು ಬಿಟ್ಟ ಭೂಮಿಗಳನ್ನೂ ಶಾಸನಾಭ್ಯಾಸಿಗಳೆಲ್ಲರೂ ಬಲ್ಲರು. ಕಲಬುರಗಿ ಜಿಲ್ಲೆಯ ನಾಗಾವಿಯ ೧೦೫೮ನೆಯ ಇಸವಿಯ ಶಾಸನವು ವೇದವನ್ನೋದುವ ೨೦೦ ಮಂದಿ, ಶಾಸ್ತ್ರವನ್ನೋದುವ ೫೨ ಮಂದಿ ವಿದ್ಯಾರ್ಥಿಗಳಿಗೂ, ಅವರ ಉಪಾಧ್ಯಾಯರಿಗೂ, ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ಮಾಡಿದ ಏರ್ಪಾಡನ್ನು ತಿಳಿಸುತ್ತದೆ. ಕಲಿಯುವವನಿಗೆ ಬುದ್ಧಿಯೊಂದಿದ್ದರೆ ಸಾಲದು, ಬಿಡುವೂ ಬೇಕು. ಬಿಡುವು ಬೇಕಾದರೆ ಅನ್ನಕ್ಕೆ ದಾರಿಯಿರಬೇಕು ಎಂಬ ತತ್ತ್ವವನ್ನು ನಮ್ಮ ಹಿಂದಿನವರು ಚೆನ್ನಾಗಿ ಅರಿತಿದ್ದರು.

ಆದರೆ ಈ ವೃತ್ತಿಗಳೆಲ್ಲಕ್ಕೂ ಒಂದು ಮೇರೆಯಿದ್ದಿತು. ಕೊಟ್ಟವನು ಪುಣ್ಯವನ್ನೋ ಕೀರ್ತಿಯನ್ನೋ ಬಯಸಿದನು; ಪಡೆದವನು ಓದಿದನು, ಓದಿಸಿದನು, ದಾನಿಗೆ ಶುಭವನ್ನು ಹಾರೈಸಿದನು. ಕೊಟ್ಟವನ ವ್ಯವಸ್ಥೆಯನ್ನೇ ನ್ಯಾಯಸ್ಥಾನದ ಮುಂದೆ ನಿಲ್ಲಿಸಿ ಪ್ರಶ್ನಿಸಲೆಂದು ಒಬ್ಬನಿಗೆ ವೃತ್ತಿಯನ್ನು ಕೊಡಬಹುದೆಂಬುದು ಯಾವ ದಾನಿಯ ಮನಸ್ಸಿಗೂ ಬಂದಿರಲಾರದು. ಉಂಡ ಮನೆಗೆ ಎರಡು ಬಗೆಯಬಾರದು ಎಂಬುದಲ್ಲವೆ ನಮ್ಮ ಲೋಕನೀತಿ? ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಂತಹ ವಿಚಿತ್ರವಾದ ವೃತ್ತಿಯೊಂದು ಹುಟ್ಟಿತು. ಆಗತಾನೆ ಪರೀಕ್ಷೆಯಲ್ಲಿ ತೇರ್ಗಡೆಯಾದ ತರುಣ ವಕೀಲರಿಗೆ ಸರ್ಕಾರವೇ ಸಂಬಳ ಕೊಟ್ಟು, ಬಡವರ ಪರವಾಗಿ ಸರ್ಕಾರದ ಮೇಲೆಯೇ ದಾವೆ ಹೂಡುವುದಕ್ಕೆ ಕಳುಹಿಸಿತು. ಅದು ಹೇಗೆ ಹುಟ್ಟಿತು, ಏನನ್ನು ಸಾಧಿಸಿತು, ಏಕೆ ನಿಂತುಹೋಯಿತು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ. ಅನ್ನ ಕೊಟ್ಟವನಿಗೂ ಅನ್ಯಾಯಕ್ಕೊಳಗಾದವನಿಗೂ ನಡುವೆ ವಕೀಲನು ಯಾರಿಗೆ ಋಣಿ ಎಂಬುದು ಈ ಚರಿತ್ರೆಯ ಉದ್ದಕ್ಕೂ ಹರಿಯುವ ಪ್ರಶ್ನೆ.

೨

ಈ ವೃತ್ತಿಗೆ ‘ರೆಜಿನಾಲ್ಡ್ ಹೀಬರ್ ಸ್ಮಿತ್ ಫೆಲೋಷಿಪ್’ ಎಂದು ಹೆಸರು. ಆದುದರಿಂದ ಮೊದಲು ಆ ಹೆಸರಿನ ಪುರುಷನನ್ನು ತಿಳಿಯಬೇಕು. ಸ್ಮಿತ್ತನು ೧೮೮೯ರಲ್ಲಿ ಜನಿಸಿ, ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕಾನೂನನ್ನು ವ್ಯಾಸಂಗಮಾಡಿ, ೧೯೧೪ರಲ್ಲಿ ಬಾಸ್ಟನ್ ನಗರದ ಕಾನೂನು ನೆರವಿನ ಸಂಘಕ್ಕೆ ಮುಖ್ಯ ವಕೀಲನಾದನು. ಬಡವರಿಗೆ ಫೀಜಿಲ್ಲದೆ ವಕೀಲರನ್ನು ಒದಗಿಸುವ ಇಂತಹ ಸಂಘಗಳು ಆ ದೇಶಕ್ಕೆ ಆಗ ಹೊಸವಲ್ಲ. ೧೮೭೬ರಲ್ಲಿಯೇ ನ್ಯೂಯಾರ್ಕಿನ ಜರ್ಮನರು ತಮ್ಮ ನಾಡಿನಿಂದ ವಲಸೆಬಂದವರಿಗಾಗಿ ಮೊದಲನೆಯ ಸಂಘವನ್ನು ಸ್ಥಾಪಿಸಿದ್ದರು. ಸಂಬಳ ಸಿಗದ ಕೂಲಿಗಾರ, ಬಾಡಿಗೆಯ ತಗಾದೆಯಲ್ಲಿ ಸಿಕ್ಕಿಬಿದ್ದ ವಿಧವೆ, ಸಾಲಗಾರನಿಂದ ಪೀಡಿತನಾದ ಅಂಗಡಿಯಾಳು, ಇಂತಹವರೇ ಆ ಸಂಘಗಳ ಕಕ್ಷಿಗಾರರು.

ಸ್ಮಿತ್ತನು ತನ್ನ ಅನುಭವವನ್ನೂ ದೇಶದ ಇತರ ಕಡೆಗಳಲ್ಲಿ ಕಂಡುದನ್ನೂ ಸೇರಿಸಿ ‘ನ್ಯಾಯ ಮತ್ತು ಬಡವರು’ ಎಂಬ ಅರ್ಥ ಬರುವ ಹೆಸರಿನ ಗ್ರಂಥವನ್ನು ಬರೆದನು. ಕಾರ್ನೆಗಿ ಪ್ರತಿಷ್ಠಾನವು ಅದನ್ನು ೧೯೧೯ರಲ್ಲಿ ಪ್ರಕಟಿಸಿತು. ಬಡವನಿಗೆ ನ್ಯಾಯವು ದೊರೆಯದಿರುವುದಕ್ಕೆ ಆತನು ಕಂಡ ಮುಖ್ಯ ಕಾರಣಗಳು ಮೂರು: ಕೋರ್ಟುಗಳ ವಿಳಂಬ, ಕೋರ್ಟಿನ ಖರ್ಚು, ವಕೀಲನ ಫೀಜು. ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಕಾನೂನು ಸ್ವತಃ ಅನ್ಯಾಯದಿಂದ ಕೂಡಿದೆಯೆಂದು ಸ್ಮಿತ್ತನು ಹೇಳಲಿಲ್ಲ. ಅಲ್ಪಸ್ವಲ್ಪ ಕೊರತೆಗಳನ್ನು ಬಿಟ್ಟರೆ ದೇಶದ ಕಾನೂನು ಎಲ್ಲರನ್ನೂ ಸಮನಾಗಿಯೇ ಕಾಣುತ್ತದೆಂಬುದು ಆತನ ನಂಬಿಕೆ. ಮನೆ ಒಳ್ಳೆಯದೇ, ಬಾಗಿಲು ಮಾತ್ರ ಇಕ್ಕಟ್ಟು ಎಂಬುದು ಆತನ ಸಿದ್ಧಾಂತದ ತಿರುಳು. ಬಾಗಿಲನ್ನು ಅಗಲಮಾಡಿದರೆ ಸಾಕು.

ಆತನ ಜೀವನದ ಇನ್ನೊಂದು ಸಂಗತಿಯೂ ನಮ್ಮ ವಿಚಾರಕ್ಕೆ ಉಪಯುಕ್ತವಾಗಿದೆ. ಕಾನೂನು ನೆರವಿನ ಸಂಘವನ್ನು ಬಿಟ್ಟ ಮೇಲೆ ಸ್ಮಿತ್ತನು ಬಾಸ್ಟನ್ನಿನ ಒಂದು ದೊಡ್ಡ ವಕೀಲ ಮಂಡಲಿಯ ಆಡಳಿತವನ್ನು ಬಹುಕಾಲ ನಡೆಸಿದನು. ವಕೀಲನು ಯಾವ ಕೆಲಸಕ್ಕೆ ಎಷ್ಟು ಹೊತ್ತನ್ನು ವೆಚ್ಚಮಾಡಿದನೆಂಬುದನ್ನು ದಿನದಿನವೂ ಬರೆದಿಡುವ ಪದ್ಧತಿಯನ್ನು ರೂಢಿಗೆ ತಂದವರಲ್ಲಿ ಆತನು ಅಗ್ರಗಣ್ಯನು. ವಕೀಲನ ಸರಕು ಕಾಲವೇ ಎಂಬುದನ್ನು ಆತನಷ್ಟು ಸ್ಪಷ್ಟವಾಗಿ ಕಂಡವರು ವಿರಳ. ಮುಂದೆ ಆತನ ಹೆಸರಿನಲ್ಲಿ ಹುಟ್ಟಿದ ವೃತ್ತಿಯು ಬಡವರಿಗಾಗಿ ಕೊಂಡುಕೊಟ್ಟುದೂ ವಕೀಲನ ಕಾಲವನ್ನೇ.

೩

ಆದರೆ ತರುಣ ವಕೀಲನಿಗೆ ವೃತ್ತಿಯನ್ನು ಕೊಟ್ಟು ಕಾನೂನನ್ನೇ ಬದಲಿಸುವ ಕಲ್ಪನೆಯು ಸ್ಮಿತ್ತನ ಪರಂಪರೆಯಿಂದ ಬಂದುದಲ್ಲ. ಅದರ ಮೂಲವನ್ನು ಕಪ್ಪು ಜನಾಂಗದವರ ಹಕ್ಕುಗಳ ಹೋರಾಟದಲ್ಲಿ ಹುಡುಕಬೇಕು. ೧೯೨೨ರಲ್ಲಿ ಚಾರ್ಲ್ಸ್ ಗಾರ್ಲೆಂಡ್ ಎಂಬ ತರುಣನು ತನಗೆ ಪಿತ್ರಾರ್ಜಿತವಾಗಿ ಬಂದ ಹಣವನ್ನು ತಾನು ಅನುಭವಿಸಲೊಲ್ಲದೆ ಒಂದು ನಿಧಿಯನ್ನಾಗಿ ಮಾಡಿದನು. ಆ ನಿಧಿಯ ನೆರವಿನಿಂದ ನೇಮಕಗೊಂಡ ನೇಥನ್ ಮಾರ್ಗೋಲ್ಡನು ಜನಾಂಗಭೇದದ ಶಾಲೆಗಳನ್ನು ನ್ಯಾಯಸ್ಥಾನದಲ್ಲಿ ಎದುರಿಸುವ ಯೋಜನೆಯನ್ನು ೧೯೩೧ರಲ್ಲಿ ಬರೆದನು. ಹೋವರ್ಡ್ ವಿಶ್ವವಿದ್ಯಾನಿಲಯದ ಕಾನೂನು ಶಾಲೆಯನ್ನು ಕಟ್ಟಿ ಬೆಳೆಸಿದ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ನನು ಅದನ್ನು ಕಾರ್ಯರೂಪಕ್ಕೆ ಇಳಿಸಿದನು. ಆತನ ಶಿಷ್ಯ ಥರ್ಗುಡ್ ಮಾರ್ಷಲನು ೧೯೫೪ರ ಬ್ರೌನ್ ಮೊಕದ್ದಮೆಯಲ್ಲಿ ಅದನ್ನು ಗುರಿಮುಟ್ಟಿಸಿದನು.

ಗೆದ್ದ ಮೇಲೆ ಹೊಸದೊಂದು ಕಷ್ಟ ತಲೆದೋರಿತು. ಶಾಲೆಗಳಲ್ಲಿ ಭೇದ ಕೂಡದೆಂದು ಸುಪ್ರೀಂ ಕೋರ್ಟು ತೀರ್ಪುಕೊಟ್ಟಿತು; ಅದನ್ನು ಊರೂರಿನಲ್ಲಿ ಆಚರಣೆಗೆ ತರುವವರಾರು? ದಕ್ಷಿಣದ ಸಂಸ್ಥಾನಗಳಲ್ಲಿ ಇಂತಹ ಮೊಕದ್ದಮೆಗಳನ್ನು ಹಿಡಿಯುವ ವಕೀಲರು ಬೆರಳೆಣಿಕೆಯಷ್ಟು ಮಂದಿ. ಹಿಡಿದವನಿಗೆ ಬೇರೆ ಕಕ್ಷಿಗಾರರು ಬಾರರು. ಬಾರದಿದ್ದರೆ ಮನೆ ನಡೆಯದು. ಹೀಗಿರಲು, ಜಾಕ್ ಗ್ರೀನ್‌ಬರ್ಗನ ಮುಖಂಡತ್ವದಲ್ಲಿದ್ದ ‘ಲೀಗಲ್ ಡಿಫೆನ್ಸ್ ಫಂಡ್’ ಎಂಬ ಸಂಸ್ಥೆಯು ೧೯೬೩ರಲ್ಲಿ ಒಂದು ಚಿಕ್ಕ ಏರ್ಪಾಡನ್ನು ಮಾಡಿತು. ತರುಣ ವಕೀಲರನ್ನು ಆರಿಸಿ, ನ್ಯೂಯಾರ್ಕಿನ ತನ್ನ ಕಚೇರಿಯಲ್ಲಿ ಒಂದು ವರ್ಷ ತರಬೇತುಮಾಡಿ, ಬಳಿಕ ದಕ್ಷಿಣದಲ್ಲಿ ಸ್ವಂತ ಕಚೇರಿಯನ್ನು ತೆರೆಯುವುದಕ್ಕೆ ನೆರವುಕೊಡುವುದು ಇದರ ಕ್ರಮ. ಮೊದಲ ವರ್ಷದಲ್ಲಿ ಆರಿಸಲ್ಪಟ್ಟವರು ಜೂಲಿಯಸ್ ಚೇಂಬರ್ಸ್, ಮೇರಿಯನ್ ರೈಟ್ ಎಂಬಿಬ್ಬರು.

ಚೇಂಬರ್ಸನ ಚರಿತ್ರೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ. ಆತನು ೧೯೩೬ರಲ್ಲಿ ಉತ್ತರ ಕ್ಯಾರೊಲಿನದ ಒಂದು ಸಣ್ಣ ಊರಿನಲ್ಲಿ ಮೋಟಾರು ದುರಸ್ತಿಮಾಡುವವನ ಮಗನಾಗಿ ಹುಟ್ಟಿದನು. ತಂದೆಯು ದುರಸ್ತಿಮಾಡಿಕೊಟ್ಟ ಒಂದು ಲಾರಿಯ ಹಣವನ್ನು ಬಿಳಿಯ ಗಿರಾಕಿಯೊಬ್ಬನು ಕೊಡದೆ ಹೋದನು. ಊರಿನ ಬಿಳಿಯ ವಕೀಲರಲ್ಲಿ ಒಬ್ಬನೂ ಆ ಮೊಕದ್ದಮೆಯನ್ನು ಹಿಡಿಯಲಿಲ್ಲ. ತಾನು ವಕೀಲನಾಗಬೇಕೆಂದು ನಿಶ್ಚಯಿಸಿದುದು ಆಗಲೇ ಎಂದು ಚೇಂಬರ್ಸನು ಮುಂದೆ ಹೇಳುತ್ತಿದ್ದನು. ಉತ್ತರ ಕ್ಯಾರೊಲಿನ ವಿಶ್ವವಿದ್ಯಾನಿಲಯದ ಕಾನೂನು ಶಾಲೆಯಲ್ಲಿ ೧೯೬೨ರಲ್ಲಿ ಮೊದಲಿಗನಾಗಿ ತೇರ್ಗಡೆಯಾಗಿ, ವೃತ್ತಿಯ ವರ್ಷವನ್ನು ಮುಗಿಸಿ, ೧೯೬೪ರಲ್ಲಿ ಷಾರ್ಲಟ್ ನಗರದಲ್ಲಿ ಒಂಟಿಯಾಗಿ ಕಚೇರಿಯನ್ನು ತೆರೆದನು.

೧೯೬೫ರ ಜನವರಿಯಲ್ಲಿ ಆತನು ಹೂಡಿದ ದಾವೆಯೇ ಪ್ರಸಿದ್ಧವಾದ ಸ್ವಾನ್ ಮೊಕದ್ದಮೆ. ಇದರಲ್ಲಿ ಭಾರತೀಯರಿಗೆ ಕುತೂಹಲಕರವಾದ ಒಂದು ಅಂಶವಿದೆ. ವಾದಿಗಳಲ್ಲಿ ಮೊದಲನೆಯವರಾದ ಡೇರಿಯಸ್ ಸ್ವಾನರು ಕ್ರೈಸ್ತ ಧರ್ಮಸಂಸ್ಥೆಯ ಸೇವೆಯಲ್ಲಿ ಕೆಲವು ವರ್ಷ ಭಾರತದಲ್ಲಿದ್ದವರು. ಸ್ವದೇಶಕ್ಕೆ ಮರಳಿ ಬಂದಾಗ, ಮನೆಯ ಹತ್ತಿರದ ಶಾಲೆಯಲ್ಲಿ ತಮ್ಮ ಮಗನಿಗೆ ಸ್ಥಳ ದೊರೆಯದೆ, ಕಪ್ಪು ಮಕ್ಕಳ ಶಾಲೆಗೆ ಕಳುಹಿಸಬೇಕಾಗಿ ಬಂದುದೇ ಅವರ ಫಿರ್ಯಾದಿಗೆ ಕಾರಣ. ಅದೇ ೧೯೬೫ರ ನವೆಂಬರಿನಲ್ಲಿ ಚೇಂಬರ್ಸನ ಮನೆಯ ಮೇಲೆ ಬಾಂಬು ಬಿದ್ದಿತು. ೧೯೭೧ರ ಫೆಬ್ರವರಿಯಲ್ಲಿ ಆತನ ಕಚೇರಿಗೆ ಬೆಂಕಿಯಿಟ್ಟರು. ಎರಡು ತಿಂಗಳು ಕಳೆದು, ೧೯೭೧ರ ಏಪ್ರಿಲ್ ೨೦ರಂದು, ಶಾಲೆಗಳಲ್ಲಿ ಮಕ್ಕಳನ್ನು ಬೆರಸುವುದಕ್ಕಾಗಿ ಬಸ್ಸುಗಳಲ್ಲಿ ಕರೆದೊಯ್ಯುವಂತೆ ಆಜ್ಞೆ ಮಾಡಲು ನ್ಯಾಯಾಧೀಶನಿಗೆ ಅಧಿಕಾರವುಂಟೆಂದು ಸುಪ್ರೀಂ ಕೋರ್ಟು ಏಕಮತದಿಂದ ತೀರ್ಪಿತ್ತಿತು. ಮೇರಿಯನ್ ರೈಟಳು ಮಿಸಿಸಿಪ್ಪಿಗೆ ಹೋಗಿ, ಆ ಸಂಸ್ಥಾನದ ನ್ಯಾಯವಾದಿಗಳ ಪಟ್ಟಿಗೆ ಸೇರಿದ ಮೊದಲ ಕಪ್ಪು ಮಹಿಳೆಯೆನಿಸಿ, ೧೯೭೩ರಲ್ಲಿ ಮಕ್ಕಳ ಹಕ್ಕುಗಳಿಗಾಗಿ ಒಂದು ಪ್ರತ್ಯೇಕ ಸಂಸ್ಥೆಯನ್ನು ಕಟ್ಟಿದಳು.

ಈ ವೃತ್ತಿಯ ಹಣವು ಖಾಸಗಿಯದು, ಸರ್ಕಾರದ್ದಲ್ಲ. ಪಡೆದವನ ಮೇಲಿದ್ದ ಕರಾರು ಒಂದೇ: ಒಂದು ಊರಿಗೆ ಹೋಗಿ ಬೇರೂರಬೇಕು. ಈ ಎರಡು ಲಕ್ಷಣಗಳನ್ನು ವಾಚಕರು ನೆನಪಿನಲ್ಲಿಡಬೇಕು.

೪

ಬಡತನದ ವಿರುದ್ಧ ಯುದ್ಧವೆಂದು ಪ್ರಸಿದ್ಧವಾದ ಅಧ್ಯಕ್ಷ ಜಾನ್‌ಸನ್ನನ ಕಾರ್ಯಕ್ರಮಕ್ಕೆ ಆಧಾರವಾದ ಕಾಯಿದೆಯು ೧೯೬೪ರ ಆಗಸ್ಟಿನಲ್ಲಿ ಜಾರಿಗೆ ಬಂದಿತು. ಅದರಲ್ಲಿ ವಕೀಲರ ಪ್ರಸ್ತಾಪವೇ ಇರಲಿಲ್ಲ. ಅದೇ ವರ್ಷ ಎಡ್ಗರ್ ಕಾನ್, ಜೀನ್ ಕಾನ್ ಎಂಬ ದಂಪತಿಗಳು ಯೇಲ್ ವಿಶ್ವವಿದ್ಯಾನಿಲಯದ ಕಾನೂನು ಪತ್ರಿಕೆಯಲ್ಲಿ ಒಂದು ಲೇಖನವನ್ನು ಬರೆದರು. ಬಡವರಿಗೆ ಉಪಕಾರಮಾಡುವ ಕಚೇರಿಗಳು ಬಡವರ ಮಾತನ್ನು ಕೇಳುವಂತೆ ಮಾಡಬೇಕಾದರೆ, ಆ ಕಚೇರಿಗಳನ್ನೇ ಪ್ರಶ್ನಿಸಬಲ್ಲ ವಕೀಲರು ನೆರೆಹೊರೆಯಲ್ಲಿಯೇ ಇರಬೇಕೆಂಬುದು ಅವರ ವಾದ. ೧೯೬೫ರ ಫೆಬ್ರವರಿಯಲ್ಲಿ, ಲೂಯಿಸ್ ಪೊವೆಲ್ ಅಧ್ಯಕ್ಷನಾಗಿದ್ದಾಗ, ಅಮೆರಿಕದ ವಕೀಲರ ಮಹಾಸಂಘವು ಸರ್ಕಾರದ ಹಣದಿಂದ ಕಾನೂನು ನೆರವನ್ನು ನಡೆಸುವುದಕ್ಕೆ ಒಪ್ಪಿಗೆಯಿತ್ತಿತು. ಕ್ಲಿಂಟನ್ ಬ್ಯಾಂಬರ್ಗರನು ಮೊದಲನೆಯ ನಿರ್ದೇಶಕನಾದನು. ೧೯೬೬ರಲ್ಲಿ ಅರ್ಲ್ ಜಾನ್‌ಸನ್ನನು ಆ ಸ್ಥಾನಕ್ಕೆ ಬಂದನು.

ಜಾನ್‌ಸನ್ನನ ಮುಂದೆ ಬಂದ ಸಮಸ್ಯೆಯು ಲೆಕ್ಕದ್ದು. ನೆರೆಹೊರೆಯ ಕಚೇರಿಗಳ ಬಾಗಿಲಲ್ಲಿ ಬಡವರು ಸಾಲುಗಟ್ಟಿ ನಿಂತರು. ಒಬ್ಬ ವಕೀಲನ ಕೈಯಲ್ಲಿ ನೂರಾರು ಕಡತಗಳು. ಒಬ್ಬ ಬಾಡಿಗೆದಾರನನ್ನು ಇಂದು ಉಳಿಸಿದರೆ ಅದೇ ಕಾಯಿದೆಯಿಂದ ನಾಳೆ ಹತ್ತು ಮಂದಿ ಬೀದಿಗೆ ಬೀಳುವರು. ಹತ್ತು ಮಂದಿಯನ್ನೂ ಒಮ್ಮೆಗೆ ಕಾಪಾಡುವಂತಹ ಮೊಕದ್ದಮೆಯನ್ನು ಸಿದ್ಧಪಡಿಸಲು ಬಿಡುವೆಲ್ಲಿಯದು? ೧೯೬೭ರಲ್ಲಿ ಆತನು ಕಾನೂನಿನ ಸುಧಾರಣೆಯೇ ಕಾರ್ಯಕ್ರಮದ ಪ್ರಧಾನೋದ್ದೇಶವೆಂದು ಸಾರಿದನು. ಅದೇ ವರ್ಷ ಈ ಫೆಲೋಷಿಪ್ಪು ಹುಟ್ಟಿತು.

ಇದರ ಕಾರ್ಯಕ್ರಮವು ಹೀಗಿದ್ದಿತು. ದೇಶದ ಕಾನೂನು ಶಾಲೆಗಳಿಂದ ಮೇಧಾವಿಗಳಾದ ತರುಣ ಪದವೀಧರರನ್ನು ಆರಿಸುವುದು. ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಬಡವರಿಗೆ ಸಂಬಂಧಪಟ್ಟ ಕಾನೂನನ್ನು ಕೆಲವು ವಾರ ಕಲಿಸುವುದು. ಬಳಿಕ ಒಂದೊಂದು ಊರಿನ ನೆರವಿನ ಕಚೇರಿಗೆ ಕಳುಹಿಸುವುದು. ಅವಧಿಯು ಒಂದು ವರ್ಷ. ಇನ್ನೊಂದು ವರ್ಷ ಮುಂದುವರಿಸಬಹುದು. ಸಂಬಳವು ಕೇಂದ್ರದಿಂದ ಬರುತ್ತಿದ್ದುದರಿಂದ ಊರಿನ ಕಚೇರಿಗೆ ಭಾರವಿಲ್ಲ. ಪ್ರತಿಯಾಗಿ ಆ ಕಚೇರಿಯು ಈ ತರುಣನನ್ನು ದಿನನಿತ್ಯದ ಕಡತಗಳ ಹೊರೆಯಿಂದ ಆದಷ್ಟು ಬಿಡುಗಡೆ ಮಾಡಬೇಕು. ಮೊದಲ ತಂಡದಲ್ಲಿ ಸುಮಾರು ೫೦ ಮಂದಿಯಿದ್ದರು. ಒಂದೆರಡು ವರ್ಷಗಳಲ್ಲಿಯೇ ಸಂಖ್ಯೆಯು ಅದರ ಇಮ್ಮಡಿಯನ್ನು ಮೀರಿತು. ಮುಂದೆ ಇದರ ಆಡಳಿತವು ಹೋವರ್ಡ್ ವಿಶ್ವವಿದ್ಯಾನಿಲಯಕ್ಕೆ ಬಂದಾಗ ಕಪ್ಪು ಜನಾಂಗದವರೂ ಇತರ ಅಲ್ಪಸಂಖ್ಯಾತರೂ ಹೆಚ್ಚಾಗಿ ಸೇರಿದರು. ಜನರು ಇವರನ್ನು ಸಲಿಗೆಯಿಂದ ‘ರೆಜಿ’ಗಳೆಂದು ಕರೆದರು.

ಹೆಸರಿನ ವಿಪರ್ಯಾಸವನ್ನು ಇಲ್ಲಿ ಕಾಣಬಹುದು. ಸ್ಮಿತ್ತನು ೧೯೬೬ರಲ್ಲಿ ತೀರಿಕೊಂಡಿದ್ದನು. ಕಾನೂನು ಸಮವಾಗಿದೆ, ಬಾಗಿಲು ಮಾತ್ರ ಇಕ್ಕಟ್ಟೆಂದು ನಂಬಿದ್ದವನ ಹೆಸರನ್ನು ಹೊತ್ತ ತರುಣರು, ಮನೆಯ ತೊಲೆಗಳೇ ಸೊಟ್ಟಗಿವೆಯೆಂದು ವಾದಿಸಲು ಹೊರಟರು. ಇದನ್ನು ಗುರುದ್ರೋಹವೆಂದು ಭಾವಿಸಬೇಕಾಗಿಲ್ಲ. ಬಾಗಿಲು ಅಗಲವಾದ ಮೇಲೆಯೇ ಒಳಗಿನ ತೊಲೆಗಳು ಕಣ್ಣಿಗೆ ಬೀಳುವುವು. ಕಾನೂನು ನೆರವು ಹುಟ್ಟಿದ ೧೮೭೬ರಿಂದ ೧೯೬೫ರವರೆಗೆ ಸುಮಾರು ತೊಂಬತ್ತು ವರ್ಷಗಳಲ್ಲಿ ಆ ಸಂಘಗಳ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಮೊಕದ್ದಮೆಯನ್ನೂ ಒಯ್ದಿರಲಿಲ್ಲವೆಂದು ಜಾನ್‌ಸನ್ನನೇ ಬರೆದಿದ್ದಾನೆ. ಬಡವನಿಗೆ ವಕೀಲನಿದ್ದನು, ಆದರೆ ಬಡವನ ಕಾನೂನನ್ನು ಕುರಿತು ಯೋಚಿಸುವುದಕ್ಕೆ ಆ ವಕೀಲನಿಗೆ ಬಿಡುವಿರಲಿಲ್ಲ.

೫

ಈ ಬಿಡುವಿನಿಂದ ಆದ ಫಲವೇನು? ೧೯೬೬ರಿಂದ ೧೯೭೪ರವರೆಗೆ ಸರ್ಕಾರದ ನೆರವಿನ ವಕೀಲರು ೧೬೦ಕ್ಕೂ ಮಿಕ್ಕ ಮೊಕದ್ದಮೆಗಳನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟರು. ಇವೆಲ್ಲವೂ ಫೆಲೋಗಳ ಕೈಯಿಂದಲೇ ಆದುವೆಂದು ಹೇಳಲಾಗದು. ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಎಡ್ವರ್ಡ್ ಸ್ಪೇರರನು ೧೯೬೫ರಲ್ಲಿ ಸ್ಥಾಪಿಸಿದ ಸಂಶೋಧನ ಕೇಂದ್ರ, ನೆರೆಹೊರೆಯ ಹಿರಿಯ ವಕೀಲರು, ಬಡವರೇ ಕಟ್ಟಿಕೊಂಡ ಸಂಘಗಳು, ಇವೆಲ್ಲ ಒಟ್ಟಿಗೆ ದುಡಿದುವು. ಆ ಕಾಲದ ಸುಧಾರಣೆಯ ಸ್ವರೂಪವನ್ನೂ ಮಿತಿಯನ್ನೂ ತಿಳಿಯಲು ಮೂರು ತೀರ್ಪುಗಳನ್ನು ನೋಡಿದರೆ ಸಾಕು.

ಮೊದಲನೆಯದು ೧೯೬೮ರ ಜೂನಿನ ಕಿಂಗ್ ವಿರುದ್ಧ ಸ್ಮಿತ್ ಎಂಬುದು. ಗಂಡನಿಲ್ಲದ ತಾಯಿಯೊಬ್ಬಳು ಯಾವನಾದರೊಬ್ಬ ಪುರುಷನೊಡನೆ ಸಂಬಂಧವಿಟ್ಟುಕೊಂಡರೆ ಆತನೇ ಮಕ್ಕಳಿಗೆ ತಂದೆಯ ಬದಲಿಯೆಂದು ಭಾವಿಸಿ, ಮಕ್ಕಳ ಸಹಾಯಧನವನ್ನು ಅಲಬಾಮ ಸಂಸ್ಥಾನವು ನಿಲ್ಲಿಸುತ್ತಿದ್ದಿತು. ಆ ಪುರುಷನಿಗೆ ಮಕ್ಕಳನ್ನು ಸಾಕುವ ಹೊಣೆ ಕಾನೂನಿನಲ್ಲಿ ಇಲ್ಲದಿದ್ದರೂ ಸರಿಯೆ. ಕೋರ್ಟು ಈ ನಿಯಮವನ್ನು ಏಕಮತದಿಂದ ತಳ್ಳಿಹಾಕಿತು. ಎರಡನೆಯದು ೧೯೭೦ರ ಮಾರ್ಚಿ ೨೩ರ ಗೋಲ್ಡ್‌ಬರ್ಗ್ ವಿರುದ್ಧ ಕೆಲ್ಲಿ. ಬಡವನ ಸಹಾಯಧನವನ್ನು ನಿಲ್ಲಿಸುವುದಕ್ಕೆ ಮೊದಲು ಆತನ ಮಾತನ್ನು ಆತನ ಬಾಯಿಂದಲೇ ಕೇಳಬೇಕೆಂದು ಇದರಲ್ಲಿ ತೀರ್ಮಾನವಾಯಿತು. ಅದುವರೆಗೆ ಸಹಾಯಧನವು ಸರ್ಕಾರದ ಕೃಪೆಯೆನಿಸಿದ್ದಿತು; ಅಂದಿನಿಂದ ಅದನ್ನು ಸುಮ್ಮನೆ ಕಿತ್ತುಕೊಳ್ಳಲಾಗದ ಹಕ್ಕಿನಂತೆ ಕಾಣುವ ದೃಷ್ಟಿಯು ಬೇರೂರಿತು.

ಮೂರನೆಯದು ಸೋಲು. ಎರಡು ವಾರ ಕಳೆದು, ಅದೇ ಏಪ್ರಿಲ್ ೬ರಂದು, ಡ್ಯಾಂಡ್ರಿಜ್ ವಿರುದ್ಧ ವಿಲಿಯಮ್ಸ್ ಮೊಕದ್ದಮೆಯಲ್ಲಿ ತೀರ್ಪಾಯಿತು. ಸಂಸಾರವು ಎಷ್ಟೇ ದೊಡ್ಡದಾಗಿದ್ದರೂ ಸಹಾಯಧನವು ಒಂದು ಮಿತಿಯನ್ನು ಮೀರಕೂಡದೆಂಬ ಮೇರಿಲೆಂಡಿನ ನಿಯಮವನ್ನು ಕೋರ್ಟು ಎತ್ತಿಹಿಡಿಯಿತು. ಮನುಷ್ಯನಿಗೆ ಬದುಕುವಷ್ಟು ಜೀವನಾಂಶವು ಸಂವಿಧಾನದಿಂದಲೇ ದೊರೆಯಬೇಕೆಂಬ ಸ್ಪೇರರನ ಆಸೆಯು ಅಲ್ಲಿಗೆ ಕಮರಿತು. ಕೊಡುವುದನ್ನು ನಿಲ್ಲಿಸಬೇಕಾದರೆ ಕೇಳಿ ನಿಲ್ಲಿಸಬೇಕು. ಆದರೆ ಎಷ್ಟು ಕೊಡಬೇಕೆಂಬುದನ್ನು ಕೋರ್ಟು ಹೇಳದು. ವಿಧಾನದಲ್ಲಿ ಗೆಲವು, ಪ್ರಮಾಣದಲ್ಲಿ ಸೋಲು. ಹದಿನಾಲ್ಕು ದಿನಗಳಲ್ಲಿ ಬಂದ ಈ ಎರಡು ತೀರ್ಪುಗಳ ನಡುವೆ ಆ ಯುಗದ ಕಾನೂನು ಸುಧಾರಣೆಯೆಲ್ಲವೂ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

೬

ಸರ್ಕಾರದ ಅನ್ನವನ್ನುಂಡು ಸರ್ಕಾರವನ್ನೇ ಕೋರ್ಟಿಗೆಳೆಯುವವರನ್ನು ಸರ್ಕಾರವು ಎಷ್ಟು ಕಾಲ ಸಹಿಸೀತು? ಉತ್ತರವು ಮೊದಲು ಕ್ಯಾಲಿಫೋರ್ನಿಯದಲ್ಲಿ ದೊರೆಯಿತು. ಜೇಮ್ಸ್ ಲೊರೆಂಜ್ ಎಂಬ ತರುಣ ವಕೀಲನು ೧೯೬೬ರಲ್ಲಿ ಹೊಲಗೆಲಸದವರಿಗಾಗಿ ಅಲ್ಲಿ ಒಂದು ಕಾನೂನು ನೆರವಿನ ಸಂಸ್ಥೆಯನ್ನು ಸ್ಥಾಪಿಸಿದ್ದನು. ಬಡವರ ವೈದ್ಯಕೀಯ ಸಹಾಯವನ್ನು ಕಡಿತಮಾಡಿದ ಗವರ್ನರ್ ರೇಗನ್ನನ ಆಜ್ಞೆಯನ್ನು ೧೯೬೭ರಲ್ಲಿಯೇ ಈ ಸಂಸ್ಥೆಯು ಕೋರ್ಟಿನಲ್ಲಿ ರದ್ದುಗೊಳಿಸಿತು. ಇಂಗ್ಲಿಷಿನ ಪರೀಕ್ಷೆಯಲ್ಲಿ ಹಿಂದುಳಿದ ಕಾರಣದಿಂದಲೇ ಸ್ಪ್ಯಾನಿಷ್ ಮಾತನಾಡುವ ಮಕ್ಕಳನ್ನು ಮಂದಬುದ್ಧಿಯವರ ತರಗತಿಗೆ ನೂಕುತ್ತಿದ್ದುದನ್ನು ಪ್ರತಿಭಟಿಸಿ, ಮಗುವನ್ನು ಅದರ ತಾಯ್ನುಡಿಯಲ್ಲಿ ಪರೀಕ್ಷಿಸಬೇಕೆಂಬ ಒಪ್ಪಂದವನ್ನು ೧೯೭೦ರಲ್ಲಿ ಪಡೆಯಿತು. ಭಾಷೋಪಾಧ್ಯಾಯರಿಗೆ ಇದರ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ. ಗಿಡ್ಡ ಹಿಡಿಯ ಗುದ್ದಲಿಯಿಂದ ದಿನವೆಲ್ಲ ಬೆನ್ನು ಬಗ್ಗಿಸಿ ಕಳೆ ತೆಗೆಯುತ್ತಿದ್ದ ಕೂಲಿಗಾರರ ಪರವಾಗಿ ಅದೇ ಸಂಸ್ಥೆಯು ವಾದಿಸಿ, ೧೯೭೫ರಲ್ಲಿ ಆ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯದಿಂದ ಅನುಕೂಲವಾದ ತೀರ್ಪನ್ನು ಪಡೆಯಲು ಆ ಗುದ್ದಲಿಯ ಬಳಕೆ ನಿಂತಿತು.

ಈ ಸಂಸ್ಥೆಯ ಅನುದಾನವನ್ನು ರೇಗನ್ನನು ೧೯೭೦ರ ಡಿಸೆಂಬರಿನಲ್ಲಿ ನಿಷೇಧಿಸಿದನು. ನೂರಕ್ಕೂ ಮೀರಿದ ಆರೋಪಗಳ ಪಟ್ಟಿಯನ್ನು ಮುಂದಿಟ್ಟನು. ಹೊರ ಸಂಸ್ಥಾನಗಳಿಂದ ಬಂದ ಮೂವರು ನ್ಯಾಯಾಧೀಶರ ಮಂಡಲಿಯು ವಿಚಾರಣೆ ನಡೆಸಿ, ಆರೋಪಗಳಿಗೆ ಆಧಾರವಿಲ್ಲವೆಂದು ೧೯೭೧ರಲ್ಲಿ ವರದಿಮಾಡಿತು. ಸಂಸ್ಥೆಯು ಉಳಿಯಿತು, ಆದರೆ ರಾಜಕಾರಣದ ಕೈ ಎಷ್ಟು ಹತ್ತಿರವಿದೆಯೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಆ ಕೈಯನ್ನು ದೂರವಿಡಲೆಂದು ಸ್ವತಂತ್ರವಾದ ನಿಗಮವೊಂದನ್ನು ಸ್ಥಾಪಿಸುವ ಕಾಯಿದೆಗೆ ಅಧ್ಯಕ್ಷ ನಿಕ್ಸನ್ನನು ೧೯೭೪ರ ಜುಲೈ ೨೫ರಂದು, ತಾನು ರಾಜೀನಾಮೆ ಕೊಡುವುದಕ್ಕೆ ಎರಡು ವಾರ ಮೊದಲು, ಸಹಿಮಾಡಿದನು. ಆದರೆ ಅದರೊಳಗೇ ಸುಧಾರಣೆಯ ಸಂಶೋಧನ ಕೇಂದ್ರಗಳ ಬೇರನ್ನು ಕತ್ತರಿಸುವ ತಿದ್ದುಪಡಿಯೂ ಸೇರಿದ್ದಿತು.

ರೇಗನ್ನನು ೧೯೮೧ರಲ್ಲಿ ಅಧ್ಯಕ್ಷನಾಗಿ ಬಂದಾಗ ಈ ನಿಗಮವನ್ನೇ ತೆಗೆದುಹಾಕಬೇಕೆಂದು ಸೂಚಿಸಿದನು. ಕಾಂಗ್ರೆಸ್ಸು ಒಪ್ಪಲಿಲ್ಲ, ಆದರೆ ೩೨ ಕೋಟಿ ೧೦ ಲಕ್ಷ ಡಾಲರುಗಳಿದ್ದ ಅನುದಾನವು ೨೪ ಕೋಟಿ ೧೦ ಲಕ್ಷಕ್ಕೆ ಇಳಿಯಿತು. ೧೯೮೦ರ ದಶಕದ ಮಧ್ಯದಲ್ಲಿ ಫೆಲೋಷಿಪ್ಪು ಕೊನೆಗೊಂಡಿತು. ೧೯೯೬ರಲ್ಲಿ ಅನುದಾನವು ೪೦ ಕೋಟಿಯಿಂದ ೨೭ ಕೋಟಿ ೮೦ ಲಕ್ಷಕ್ಕೆ ಬಂದಿತಲ್ಲದೆ, ನಿಗಮದ ಹಣವನ್ನು ಪಡೆಯುವ ವಕೀಲರು ಸಮೂಹ ದಾವೆಗಳನ್ನು ಹೂಡಕೂಡದು, ಸಹಾಯಧನದ ಕಾಯಿದೆಗಳ ಸಿಂಧುತ್ವವನ್ನು ಪ್ರಶ್ನಿಸಕೂಡದು ಎಂಬ ನಿರ್ಬಂಧಗಳೂ ಬಂದುವು.

ಹೀಗೆ, ನಾವು ಮೊದಲು ಎತ್ತಿದ ಪ್ರಶ್ನೆಯು ಕೊನೆಗೆ ಸುಪ್ರೀಂ ಕೋರ್ಟಿನ ಮುಂದೆಯೇ ಬಂದು ನಿಂತಿತು. ಸರ್ಕಾರದ ಸಂಬಳ ಪಡೆಯುವ ವಕೀಲನು ಆರೋಪಿಯ ಪರವಾಗಿ ವಾದಿಸುವಾಗ ಸರ್ಕಾರದ ಆಳಾಗಿ ವರ್ತಿಸುವುದಿಲ್ಲವೆಂದು ಕೋರ್ಟು ೧೯೮೧ರಲ್ಲಿಯೇ ಇನ್ನೊಂದು ಸಂದರ್ಭದಲ್ಲಿ ಹೇಳಿದ್ದಿತು. ೨೦೦೧ರ ಫೆಬ್ರವರಿಯಲ್ಲಿ, ವೆಲಾಸ್ಕೆಸ್ ಮೊಕದ್ದಮೆಯಲ್ಲಿ, ಐವರು ನ್ಯಾಯಾಧೀಶರ ಬಹುಮತದಿಂದ ಕೋರ್ಟು ಸಹಾಯಧನದ ಕಾಯಿದೆಗಳನ್ನು ಪ್ರಶ್ನಿಸಕೂಡದೆಂಬ ನಿರ್ಬಂಧವನ್ನು ತೆಗೆದುಹಾಕಿತು. ಸರ್ಕಾರವು ಬಡವನಿಗೆ ವಕೀಲನನ್ನು ಕೊಡದಿರಬಹುದು. ಆದರೆ ಕೊಟ್ಟ ಮೇಲೆ, ಆ ವಕೀಲನ ಬಾಯಿಂದ ಯಾವ ವಾದವು ಹೊರಡಬೇಕೆಂಬುದನ್ನು ಕಟ್ಟುಮಾಡಿದರೆ ನ್ಯಾಯಾಲಯದ ಕೆಲಸವೇ ಕೆಡುವುದೆಂಬುದು ಆ ತೀರ್ಪಿನ ಸಾರ. ಸಮೂಹ ದಾವೆಯ ನಿಷೇಧವನ್ನು ಈ ತೀರ್ಪು ಮುಟ್ಟಲಿಲ್ಲ. ತತ್ತ್ವವು ಗೆದ್ದಿತು, ಆದರೆ ಆ ತತ್ತ್ವವನ್ನು ಆಚರಿಸುವ ಮುಖ್ಯ ಆಯುಧವು ಕೈಗೆ ಮರಳಿ ಬರಲಿಲ್ಲ.

೭

ಸರ್ಕಾರವು ಬಿಟ್ಟ ಜಾಗಕ್ಕೆ ಖಾಸಗಿ ದಾನಿಗಳು ಬಂದರು. ನ್ಯೂಯಾರ್ಕಿನ ಸ್ಕ್ಯಾಡೆನ್ ಎಂಬ ವಕೀಲ ಮಂಡಲಿಯು ತನ್ನ ನಲವತ್ತನೆಯ ವರ್ಷದ ನೆನಪಿಗಾಗಿ ೧೯೮೮ರಲ್ಲಿ ಎರಡು ವರ್ಷಗಳ ಫೆಲೋಷಿಪ್ಪನ್ನು ಆರಂಭಿಸಿತು. ಇಲ್ಲಿ ತರುಣನು ತಾನು ಮಾಡಬೇಕಾದ ಕೆಲಸವನ್ನು ತಾನೇ ರೂಪಿಸಿ, ಅದಕ್ಕೆ ಆಶ್ರಯಕೊಡುವ ಸಂಸ್ಥೆಯನ್ನೂ ತಾನೇ ಹುಡುಕಿಕೊಳ್ಳಬೇಕು. ಇದೇ ಮಾದರಿಯಲ್ಲಿ ವಿಶ್ವವಿದ್ಯಾನಿಲಯಗಳೂ ಪ್ರತಿಷ್ಠಾನಗಳೂ ಮಾನವ ಹಕ್ಕುಗಳ ಫೆಲೋಷಿಪ್ಪುಗಳನ್ನು ಏರ್ಪಡಿಸಿದುವು. ಶಾಸನಸಭೆಯ ಕೋಪವು ಇವುಗಳನ್ನು ತಟ್ಟದು. ಆದರೆ ದಾನಿಯ ಅಭಿರುಚಿಯು ಬದಲಾದರೆ ಕೆಲಸವೂ ಬದಲಾಗುವ ಭಯವುಂಟು. ದೊಡ್ಡ ಕಂಪೆನಿಗಳನ್ನು ಕಕ್ಷಿಗಾರರನ್ನಾಗಿ ಉಳ್ಳ ದಾನಿಯ ಅನ್ನವು ಕಂಪೆನಿಗಳ ಮೇಲಿನ ದಾವೆಗೆ ಎಷ್ಟು ಒದಗೀತು ಎಂದು ಸಂದೇಹಪಡುವವರನ್ನು ತಪ್ಪೆನ್ನಲಾಗದು. ಅನ್ನಕ್ಕೆ ಋಣವಿಲ್ಲದ ಕಾಲವಿಲ್ಲ. ಋಣವು ಯಾರಿಗೆ ಎಂಬುದು ಮಾತ್ರ ಬದಲಾಗುತ್ತದೆ.

ಈಗ ಎರಡು ಬಗೆಯ ವೃತ್ತಿಗಳನ್ನು ತೂಗಿನೋಡಬಹುದು. ರೆಜಿಗಳ ವೃತ್ತಿಯು ವಿಶಾಲವಾದುದು. ಹಲವು ನೂರು ತರುಣರನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಿತು. ಬಡವರ ಕಾನೂನೆಂಬ ಶಾಸ್ತ್ರವೊಂದು ಹುಟ್ಟುವುದಕ್ಕೆ ನೆರವಾಯಿತು. ಆದರೆ ಒಂದೆರಡು ವರ್ಷಕ್ಕೆ ಬಂದವನು ಮೊಕದ್ದಮೆಯನ್ನು ಹೂಡಬಲ್ಲನು. ಅಪೀಲಿನವರೆಗೆ ನಿಂತು, ಗೆದ್ದ ತೀರ್ಪನ್ನು ಕಾಯುವುದು ಆತನಿಂದಾಗದು. ಮೊಕದ್ದಮೆಯ ಆಯುಸ್ಸು ವೃತ್ತಿಯ ಆಯುಸ್ಸಿಗಿಂತ ದೀರ್ಘವಾದುದು. ಸ್ವಾನ್ ಮೊಕದ್ದಮೆಗೆ ಆರು ವರ್ಷ ಹಿಡಿಯಿತೆಂಬುದನ್ನು ಇಲ್ಲಿ ಸ್ಮರಿಸಬೇಕು. ಚೇಂಬರ್ಸನಿಗೆ ವೃತ್ತಿಯ ಹಣ ನಿಂತ ಮೇಲೆಯೂ ಊರು ಇದ್ದಿತು, ಕಚೇರಿಯಿದ್ದಿತು, ಜೊತೆಗಾರರಿದ್ದರು. ೧೯೬೭ರ ಹೊತ್ತಿಗೆ ಆತನ ಕಚೇರಿಯು ಬಿಳಿಯರೂ ಕರಿಯರೂ ಪಾಲುದಾರರಾಗಿದ್ದ ಮಂಡಲಿಯಾಗಿ ಬೆಳೆದಿದ್ದಿತು. ೧೯೮೪ರಲ್ಲಿ ಆತನು ತನಗೆ ವೃತ್ತಿಯನ್ನು ಕೊಟ್ಟ ಸಂಸ್ಥೆಗೇ ಮುಖ್ಯಸ್ಥನಾದನು.

ಆತನ ಗೆಲವೂ ಶಾಶ್ವತವಾಗಿ ಉಳಿಯಲಿಲ್ಲವೆಂಬುದನ್ನು ಮರೆಮಾಡಬಾರದು. ಷಾರ್ಲಟ್ಟಿನ ಶಾಲೆಗಳಲ್ಲಿ ಭೇದವು ಅಳಿದಿದೆಯೆಂದು ಒಬ್ಬ ನ್ಯಾಯಾಧೀಶನು ೧೯೯೯ರಲ್ಲಿ ತೀರ್ಮಾನಿಸಿ ಹಳೆಯ ಆಜ್ಞೆಯನ್ನು ಕೊನೆಗಾಣಿಸಿದನು. ಮೇಲಿನ ನ್ಯಾಯಾಲಯವು ೨೦೦೧ರಲ್ಲಿ ಅದನ್ನು ಸ್ಥಿರಪಡಿಸಿತು. ಚೇಂಬರ್ಸನು ೨೦೧೩ರಲ್ಲಿ ತೀರಿಕೊಂಡನು. ತೀರ್ಪುಗಳು ಹಿಂದಕ್ಕೆ ಹೋಗುವುವು. ಆದುದರಿಂದ ಒಂದು ವೃತ್ತಿಯು ಎಷ್ಟು ತೀರ್ಪುಗಳನ್ನು ಗೆದ್ದಿತೆಂದು ಎಣಿಸುವುದಕ್ಕಿಂತ, ತೀರ್ಪು ಹಿಂದಕ್ಕೆ ಹೋದ ದಿನ ಮತ್ತೊಮ್ಮೆ ದಾವೆ ಹೂಡಬಲ್ಲವರು ಆ ಊರಿನಲ್ಲಿ ಉಳಿದಿದ್ದಾರೆಯೆ ಎಂದು ಕೇಳುವುದೇ ಸರಿಯಾದ ಪರೀಕ್ಷೆಯೆಂದು ನಮ್ಮ ಅಭಿಪ್ರಾಯ.

ಈ ಪರೀಕ್ಷೆಯು ನಮಗೂ ಹೊರತಾದುದಲ್ಲ. ಬಡವರಿಗೆ ಉಚಿತವಾದ ಕಾನೂನು ನೆರವನ್ನು ಒದಗಿಸಬೇಕೆಂಬ ೩೯-ಎ ವಿಧಿಯು ನಮ್ಮ ಸಂವಿಧಾನಕ್ಕೆ ೧೯೭೬ರಲ್ಲಿ ಸೇರಿತು; ಅದನ್ನು ಕಾರ್ಯಗತಗೊಳಿಸುವ ೧೯೮೭ರ ಕಾಯಿದೆಯು ೧೯೯೫ರಲ್ಲಿ ಜಾರಿಗೆ ಬಂದಿತು. ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆಯು ಪರಿಶಿಷ್ಟ ಜಾತಿಗಳ ಕಾನೂನು ಪದವೀಧರರಿಗೆ, ಹಿರಿಯ ವಕೀಲರ ಬಳಿ ತರಬೇತು ಹೊಂದುವ ಅವಧಿಯಲ್ಲಿ ಶಿಷ್ಯವೇತನವನ್ನು ಕೊಡುವ ಯೋಜನೆಯನ್ನು ನಡೆಸಿದೆ. ತಾಲ್ಲೂಕಿನ ಕೋರ್ಟಿನಲ್ಲಿ ಮೊದಲ ಎರಡು ಮೂರು ವರ್ಷ ಕಾಸಿಲ್ಲದೆ ಕುಳಿತಿರಲು ಶಕ್ತಿಯುಳ್ಳ ಮನೆಯ ಮಕ್ಕಳೇ ವಕೀಲರಾಗಿ ಉಳಿಯುತ್ತಿದ್ದ ಕಡೆ ಇದು ಸಣ್ಣ ಕಾರ್ಯವಲ್ಲ. ಆದರೆ ಇದರ ಗುರಿಯು ಸ್ಮಿತ್ತನ ಗುರಿಯೇ: ಬಾಗಿಲನ್ನು ಅಗಲಮಾಡುವುದು. ಒಳಗೆ ಬಂದವನು ತೊಲೆಗಳನ್ನು ಪರೀಕ್ಷಿಸುವುದಕ್ಕೆ ಬೇಕಾದ ಬಿಡುವನ್ನು ಆತನಿಗೆ ಯಾರು ಕೊಡಬೇಕು, ಕೊಟ್ಟವರು ಆತನ ಮಾತನ್ನು ಎಷ್ಟರಮಟ್ಟಿಗೆ ತಾಳಿಕೊಳ್ಳಬೇಕು ಎಂಬುದು ಬೇರೆ ಪ್ರಶ್ನೆ.

ಉಂಡ ಮನೆಗೆ ಎರಡು ಬಗೆಯಬಾರದೆಂಬ ನೀತಿಯು ಸುಳ್ಳಲ್ಲ. ಆದರೆ ಪ್ರಜಾಪ್ರಭುತ್ವದಲ್ಲಿ ಮನೆಯು ಯಾರದೆಂಬುದನ್ನು ವಿಚಾರಿಸಬೇಕು. ಸರ್ಕಾರದ ಬೊಕ್ಕಸವು ಪ್ರಜೆಗಳ ಹಣವೇ ಆದ ಮೇಲೆ, ಅದರಿಂದ ಉಂಡ ವಕೀಲನ ಋಣವು ಅಧಿಕಾರದಲ್ಲಿರುವವರಿಗಲ್ಲ, ಆ ಹಣವನ್ನು ಕೂಡಿಸಿಕೊಟ್ಟ ಪ್ರಜೆಗೆ. ಅವರಲ್ಲಿಯೂ ಫೀಜು ಕೊಟ್ಟು ವಕೀಲನನ್ನು ಹಿಡಿಯಲಾರದ ಪ್ರಜೆಗೆ. ಹೀಗೆ ನೋಡಿದರೆ, ಅನ್ಯಾಯದ ಆಜ್ಞೆಯನ್ನು ಕೋರ್ಟಿಗೆಳೆದ ತರುಣನು ಉಂಡ ಮನೆಗೆ ಎರಡು ಬಗೆದವನಲ್ಲ, ಮನೆಯ ಯಜಮಾನನ ಕೆಲಸವನ್ನೇ ಮಾಡಿದವನು. ಇದನ್ನು ಅಮೆರಿಕದವರು ಒಮ್ಮೆ ಅರಿತು, ಹದಿನೆಂಟಿಪ್ಪತ್ತು ವರ್ಷ ಆಚರಿಸಿ, ಬಳಿಕ ಕೈಬಿಟ್ಟರು. ಅವರು ಅರಿತುದರಿಂದಲೂ ಕೈಬಿಟ್ಟುದರಿಂದಲೂ ನಾವು ಕಲಿಯಬೇಕಾದುದು ಬಹಳವುಂಟು.